ಗುಬ್ಬಿಯ ಅಳತೆಗೆ ಕೋವಿ

ಸೊಸೆ ಊಟದ ಡಬ್ಬಿಯನ್ನು ತುಂಬಿದ್ದು ತುಂಬಿದ ಹಾಗೆಯೇ ಹಿಡಿದುಕೊಂಡು ವಾಪಸು ಬಂದ ದಿನ ನನ್ನ ಮಗ ಇಲ್ಲವಾದದ್ದು ನಮಗೆ ತಿಳಿಯಿತು. ನಾನು ಅಂಗಡಿಯ ಬಾಗಿಲ ಬೆಳಕಿನಲ್ಲಿ ಕೂತು ಒಂದು ಕೋಟಿಗೆ ಕಾಜ ಹಾಕುತ್ತಿದ್ದೆ. ನಮ್ಮದು ದರ್ಜಿಯ ಮನೆ. ಮುಂದಿನ ಕೋಣೆಯೇ ಅಂಗಡಿ, ಅದರ ಹಿಂದೆ ಅಡಿಗೆಮನೆ. ಅಂಗಡಿಯ ಮೂಲೆಯಿಂದ ಒಂದು ಮರದ ಮೆಟ್ಟಿಲು ಮೇಲಿನ ಮಲಗುವ ಕೋಣೆಗಳಿಗೆ ಹತ್ತುತ್ತದೆ. ಅವಳು ಬಂದವಳೇ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಡಬ್ಬಿ ಇಟ್ಟಳು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

"ಅವರು ಊಟ ಮಾಡಲಿಲ್ಲ ಅತ್ತೆ," ಎಂದಳು.

ಕೆಲಸ ಹೆಚ್ಚಿರಬೇಕು, ಸಂಜೆ ಬಂದು ತಿನ್ನುತ್ತಾನೆ ಬಿಡು ಎಂದು ನಾನು ಸೂಜಿಯಿಂದ ಕಣ್ಣು ಎತ್ತದೆ ಹೇಳಿದೆ. ಅವಳು ಮತ್ತೆ ಅದನ್ನೇ ಹೇಳಿದಳು. ಇನ್ನೊಮ್ಮೆ ಅದೇ ಮಾತು ಬಂದಾಗ ನಮ್ಮವರು ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದರು. ಅಷ್ಟು ಹೊತ್ತಿಗೆ ಬೀದಿಯಲ್ಲಿ ಜನ ಓಡಿಬರುವ ಸದ್ದು ಕೇಳಿಸಿತು.

ಮಗ ಊರ ಹೊರಗಿನ ವೇಬ್ರಿಡ್ಜಿನಲ್ಲಿ, ಅಂದರೆ ಲಾರಿಗಳನ್ನು ತೂಗುವ ಕಟ್ಟೆಯಲ್ಲಿ, ಕೆಲಸಕ್ಕಿದ್ದ. ಮರಳಿನ ಲಾರಿಗಳು ಅಲ್ಲಿ ನಿಂತು ತೂಗಿಸಿಕೊಂಡು ಮುಂದೆ ಹೋಗಬೇಕು. ಇದ್ದ ತೂಕವನ್ನು ಇದ್ದ ಹಾಗೆ ಬರೆಯುವುದು ಅವನ ಸ್ವಭಾವ. ಊರಿನವರು ಮರಳಣ್ಣ ಎಂದು ಕರೆಯುವ ಲಾರಿಯ ಧಣಿಗೂ ಅವನ ತಮ್ಮನಿಗೂ ಅದು ಹಿಡಿಸಲಿಲ್ಲ. ಮೊದಲು ನಗುತ್ತಾ ಕೇಳಿದರು, ಆಮೇಲೆ ಬೆದರಿಸಿದರು. ಬೆದರಿಕೆ ಶುರುವಾದ ಮೇಲೆ ಮಗ ಪರವಾನಗಿ ಪಡೆದು ಮನೆಯ ರಕ್ಷಣೆಗೆಂದು ಎರಡು ನಳಿಗೆಯ ಒಂದು ಕೋವಿ ತಂದಿಟ್ಟಿದ್ದ. ಕೆಲಸದ ಜಾಗಕ್ಕೆ ಅದನ್ನು ಒಯ್ಯುವ ಹಾಗಿರಲಿಲ್ಲ. ಅವನನ್ನು ಕಬ್ಬಿಣದ ಸಲಾಕೆಯಿಂದ ಹೊಡೆದು ಕೆಡವಿದಾಗ ಕೋವಿ ನಮ್ಮ ಮಹಡಿಯ ಬೀರುವಿನಲ್ಲಿ ಬೀಗದೊಳಗೆ ಇತ್ತು.

ಹೊಡೆದದ್ದನ್ನು ನೋಡಿದವಳು ನನ್ನ ಸೊಸೆ ಒಬ್ಬಳೇ. ಅಲ್ಲಿದ್ದ ಬೇರೆಯವರಿಗೆಲ್ಲ ಆ ಹೊತ್ತಿನಲ್ಲಿ ಬೇರೆ ಕಡೆ ನೋಡುವ ಕೆಲಸವಿತ್ತಂತೆ. ಇದನ್ನು ಹೇಳಿದ, ತನಿಖೆ ನಡೆಸುತ್ತಿದ್ದ ಇನ್ಸ್‌ಪೆಕ್ಟರಮ್ಮನ ಮುಖದಲ್ಲಿ ನಗು ಇರಲಿಲ್ಲ. ಅಣ್ಣತಮ್ಮಂದಿರನ್ನು ಹಿಡಿದರು, ಸ್ವಲ್ಪ ಕಾಲದಲ್ಲೇ ಜಾಮೀನಿನ ಮೇಲೆ ಬಿಟ್ಟರು. ಸಾಕ್ಷಿ ಹೇಳುವ ದಿನದವರೆಗೆ ಅವಳನ್ನು ಕಾಪಾಡಿಕೊಳ್ಳಿ, ಅವಳಿಲ್ಲದಿದ್ದರೆ ಈ ಮೊಕದ್ದಮೆಯಲ್ಲಿ ಏನೂ ಉಳಿಯುವುದಿಲ್ಲ ಎಂದು ಇನ್ಸ್‌ಪೆಕ್ಟರಮ್ಮ ನಮ್ಮವರಿಗೆ ಹೇಳಿ ಹೋದಳು.

ಅಂದಿನಿಂದ ಎದುರಿನ ಟೀ ಅಂಗಡಿಯ ಮುಂದೆ ಯಾರಾದರೂ ಇಬ್ಬರು ನಿಲ್ಲತೊಡಗಿದರು. ಅವರು ಏನೂ ಮಾಡುತ್ತಿರಲಿಲ್ಲ, ಲೋಟ ಹಿಡಿದುಕೊಂಡು ನಮ್ಮ ಬಾಗಿಲನ್ನು ನೋಡುತ್ತಿದ್ದರು. ನಿಂತು ಟೀ ಕುಡಿಯುವುದಕ್ಕೆ ಕಾನೂನಿನಲ್ಲಿ ಅಡ್ಡಿಯಿಲ್ಲ. ನಾವು ಅಂಗಡಿಯ ಷಟರನ್ನು ಸೊಂಟದ ಮಟ್ಟಕ್ಕೆ ಇಳಿಸಿದೆವು. ಗಿರಾಕಿಗಳು ಬಗ್ಗಿ ಬರಬೇಕಾಯಿತು, ಬಗ್ಗುವುದಕ್ಕೆ ಬೇಸರವಾಗಿಯೋ ಭಯವಾಗಿಯೋ ಬರುವುದನ್ನೇ ಬಿಟ್ಟರು. ಹಿಂದಿನ ಕಿಟಕಿಗೆ ಹಳೆಯ ಕಂಬಳಿ ಹೊಡೆದೆವು. ಒಗೆದ ಬಟ್ಟೆಯನ್ನು ಒಳಗೇ ಹಗ್ಗ ಕಟ್ಟಿ ಒಣಗಿಸಿದ್ದರಿಂದ ಮನೆಯೆಲ್ಲ ಮುಗ್ಗಲು ವಾಸನೆ. ಅವಳು ಮಹಡಿಯ ಮೇಲಿನ ಬಯಲಿಗೆ ಹೋಗುವ ಹಾಗಿಲ್ಲ, ಬೆಳಕಿನ ಕೆಳಗೆ ನಿಲ್ಲುವ ಹಾಗಿಲ್ಲ, ಜೋರಾಗಿ ಕೆಮ್ಮುವ ಹಾಗಿಲ್ಲ. ಅಳತೆ ತಪ್ಪಿ ಬಿಗಿಯಾಗಿ ಹೊಲಿದ ಅಂಗಿಯ ಹಾಗೆ ಮನೆ ನಮ್ಮ ಮೂವರನ್ನೂ ಕಂಕುಳಲ್ಲಿ ಹಿಡಿಯತೊಡಗಿತು. ಕೈ ಎತ್ತಿದರೆ ಎಲ್ಲೋ ಹರಿಯುತ್ತದೆ ಅನ್ನಿಸುವುದು.

ನಾನು ಬೆಳಿಗ್ಗೆ ದೀಪ ಹಚ್ಚಿ ಕೂತರೆ ಮೊದಲಿನಂತೆ ಮಾತು ಬರುತ್ತಿರಲಿಲ್ಲ. ಚಿಕ್ಕಂದಿನಿಂದ ದೇವರಲ್ಲಿ ಬೇಡಿಕೊಂಡು ಬಂದವಳು ನಾನು. ಈಗ ಏನು ಬೇಡಲಿ? ಮಗನಿಗೆ ಶಾಂತಿ ಕೊಡು ಎನ್ನುವಷ್ಟರಲ್ಲಿ ಷಟರಿನ ಕೆಳಗೆ ಯಾವುದೋ ಕಾಲು ಕಾಣುವುದು, ಪ್ರಾರ್ಥನೆ ಅಲ್ಲಿಗೇ ಕಡಿದುಹೋಗುವುದು.

ಮೊದಲು ಬಾಗಿಲಲ್ಲಿ ಒಬ್ಬ ಪೇದೆಯನ್ನು ಹಾಕಿದ್ದರು. ಆಮೇಲೆ ಅವನನ್ನು ಬೇರೆ ಕೆಲಸಕ್ಕೆ ತೆಗೆದುಕೊಂಡರು. ಅದನ್ನು ಹೇಳಲು ಬಂದ ದಿನವೇ ಇನ್ಸ್‌ಪೆಕ್ಟರಮ್ಮ ಕೋವಿಯ ಮಾತೆತ್ತಿದಳು. ಗಂಡನ ಪರವಾನಗಿಯನ್ನು ಹೆಂಡತಿಯ ಹೆಸರಿಗೆ ಮಾಡಿಸಿಕೊಡುತ್ತೇನೆ, ನಾವು ಬಂದು ಮುಟ್ಟುವವರೆಗೆ ಮನೆಯಲ್ಲಿ ಏನಾದರೂ ಇರಬೇಕು ಎಂದಳು. ನಮ್ಮವರ ಕೈ ನಡುಗುತ್ತದೆ. ಸೂಜಿಗೆ ದಾರ ಪೋಣಿಸಲು ಅವರು ನನ್ನನ್ನೇ ಕರೆಯುವುದು. ನನ್ನ ಕಣ್ಣು ಹತ್ತಿರದ್ದಕ್ಕೆ ಮಾತ್ರ. ಉಳಿದವಳು ಸೊಸೆ.

ನಾನು ಒಪ್ಪಲಿಲ್ಲ. ಒಂದು ಜೀವ ಹೋದ ಮನೆಯಲ್ಲಿ ಇನ್ನೊಂದು ಜೀವ ತೆಗೆಯುವ ಸಾಮಾನು ಹೊರಗೆ ಬರುವುದು ಬೇಡ, ಬೀರುವಿನಲ್ಲಿದ್ದದ್ದು ಬೀರುವಿನಲ್ಲೇ ಇರಲಿ ಎಂದೆ. ಸೊಸೆ ಮೇಲೆ ಹೋಗಿ ಕೋವಿಯನ್ನು ತಂದು ಭುಜಕ್ಕೆ ಇಟ್ಟು ನೋಡಿದಳು. ಅವಳು ನನ್ನ ಕಿವಿಯ ಮಟ್ಟಕ್ಕೂ ಬರುವುದಿಲ್ಲ. ಮಗ ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಳ್ಳುತ್ತಿದ್ದ ಆಳು, ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದ. ಅವನ ಕೋವಿ ಅವಳ ಕೈಯಲ್ಲಿ ಏಣಿ ಹೊತ್ತ ಹಾಗೆ ಕಾಣಿಸಿತು. ಭಾರಕ್ಕೆ ಮುಂದೆ ವಾಲಬಾರದೆಂದು ಅವಳು ಬೆನ್ನನ್ನು ಹಿಂದಕ್ಕೆ ಬಗ್ಗಿಸಿ ನಿಂತಳು. ಬೆರಳು ಕುದುರೆಗೆ, ಅಂದರೆ ಗುಂಡು ಹಾರಿಸಲು ಎಳೆಯುವ ಕೀಲಿಗೆ, ಎಟುಕಲಿಲ್ಲ.

"ನಾನು ಯಾರನ್ನೂ ಕೊಲ್ಲಬೇಕು ಅಂತಿಲ್ಲ ಅತ್ತೆ," ಎಂದಳು. "ನಾನು ಕಂಡದ್ದನ್ನ ಹೇಳೋವರೆಗೆ ಬದುಕಿರಬೇಕು. ಅಷ್ಟೇ."

ಕೋವಿಯನ್ನು ಅವಳ ಅಳತೆಗೆ ಹೊಂದಿಸಿ ಕೊಡುವವರು ಯಾರಿದ್ದಾರೆ ಎಂದು ನಾನೇ ಇನ್ಸ್‌ಪೆಕ್ಟರಮ್ಮನನ್ನು ಕೇಳಿದೆ.

ಪೊಲೀಸರ ಜೀಪು ನಮ್ಮನ್ನು ಕೋವಿ ಅಂಗಡಿಗೆ ಕರೆದುಕೊಂಡು ಹೋಯಿತು. ಸೊಸೆ ಜೀಪಿನ ನೆಲದ ಮೇಲೆ ಕೂತು ಬಂದಳು. ಅವಳ ಮೇಲೆ ನಾವು ಹೊಲಿಗೆಗೆ ಬಂದ ಬಟ್ಟೆಯ ಗಂಟು ಇಟ್ಟಿದ್ದೆವು. ಅಂಗಡಿ ನಡೆಸುವವಳು ನಡುವಯಸ್ಸಿನ ಹೆಂಗಸು, ಎಲ್ಲರಿಗೂ ಅಕ್ಕ. ಅವಳೂ ಗಿಡ್ಡವೇ. ಗಾಜಿನ ಕಪಾಟಿನ ಮೇಲಿನ ಸಾಲಿಗೆ ಕೈ ಹಾಕಲು ಒಂದು ಮಣೆ ಹತ್ತಿ ನಿಲ್ಲುತ್ತಿದ್ದಳು. ಅಂಗಡಿಯ ಹಿಂದೆ ಮಣ್ಣಿನ ದಿಬ್ಬ ಕಟ್ಟಿ ಗುರಿ ಹೊಡೆಯುವ ಬಯಲು ಮಾಡಿದ್ದರು.

ನಮ್ಮವರ ಕಣ್ಣು ಮೊದಲು ಬಿದ್ದದ್ದು ಒಂದು ಪುಟ್ಟ ಕೋವಿಯ ಮೇಲೆ. ಒಂದೇ ನಳಿಗೆ, ಗಿಡ್ಡ, ಹಗುರ. ಹೆಂಗಸರ ಕೈಗೆ ಹೇಳಿ ಮಾಡಿಸಿದ ಹಾಗಿದೆ, ಇದೇ ಸಾಕು ಎಂದರು. ಅಕ್ಕ ಅದನ್ನು ಸೊಸೆಯ ಕೈಗೆ ಕೊಟ್ಟು, ಕಿವಿಗೆ ಮುಚ್ಚಳ ಹಾಕಿಸಿ, ಬಯಲಿಗೆ ಕರೆದೊಯ್ದಳು. ಒಂದೇ ಸಲ ಹೊಡೆದದ್ದು. ಸೊಸೆ ಹಿಂದಕ್ಕೆ ತತ್ತರಿಸಿ ನನ್ನ ಮೇಲೆ ಬಂದು ಬಿದ್ದಳು. ಕಣ್ಣಲ್ಲಿ ನೀರು ಬಂದಿತ್ತು. ಮನೆಗೆ ಬಂದು ನೋಡಿದರೆ ಭುಜ ನೇರಳೆ ಹಣ್ಣಿನ ಬಣ್ಣವಾಗಿತ್ತು.

"ಕೋವಿ ಹಗುರ ಆದಷ್ಟೂ ಒದೆತ ಜಾಸ್ತಿ," ಎಂದಳು ಅಕ್ಕ. "ಸಣ್ಣವರಿಗೆ ಸಣ್ಣದು ಅಂತ ಮಾರೋರು ತಾವು ಒಂದು ಸಲವೂ ಹೊಡೆದು ನೋಡಿರಲ್ಲ. ನಮ್ಮಪ್ಪ ನನಗೂ ಇಂಥದ್ದೇ ಕೊಟ್ಟಿದ್ದರು. ವಾರಪೂರ್ತಿ ಎಡಗೈಲಿ ಊಟ ಮಾಡಿದೆ. ಹೆಣ್ಣು ನೋಡೋಕೆ ಬಂದೋರು ಹುಡುಗಿ ಎಡಚಿ ಅಂತ ಹೊರಟುಹೋದರು."

ನಮ್ಮವರು ನಕ್ಕುಬಿಟ್ಟರು. ಮಗ ಹೋದ ಮೇಲೆ ಅವರ ನಗು ಕೇಳಿದ್ದು ಅದೇ ಮೊದಲು. ನಕ್ಕವರು ತಕ್ಷಣ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

ಎರಡನೆಯದು ಇಪ್ಪತ್ತು ಬೋರಿನದು. ನಳಿಗೆ ಸಪೂರ, ತೋಟಾ ಚಿಕ್ಕದು, ತೂಕ ಹದವಾದದ್ದು. ಕೋಣೆಯೊಳಗಿನ ದೂರಕ್ಕೆ ಇದರ ಶಕ್ತಿ ಬೇಕಾದಷ್ಟಾಯಿತು ಎಂದಳು ಅಕ್ಕ. ಸೊಸೆ ಹೊಡೆದಳು, ಹಿಂದೆ ಸರಿಯಲಿಲ್ಲ. ನನಗೂ ಇದೇ ಆಗಬಹುದು ಅನ್ನಿಸಿತು. ಆದರೆ ಹೊಸ ಕೋವಿಗೆ ಹೊಸ ಪರವಾನಗಿ ಬೇಕು, ವಿಚಾರಣೆಯ ದಿನದೊಳಗೆ ಅದು ಸಿಗುವುದು ಅನುಮಾನ ಎಂದು ಇನ್ಸ್‌ಪೆಕ್ಟರಮ್ಮ ಬಾಗಿಲಿಂದಲೇ ಹೇಳಿದಳು.

"ನನಗೆ ಅವರದ್ದೇ ಇರಲಿ," ಎಂದಳು ಸೊಸೆ.

ಅಕ್ಕ ಮಗನ ಕೋವಿಯನ್ನು ಎತ್ತಿ ತೂಗಿ ನೋಡಿದಳು. ಈ ಭಾರ ಒಳ್ಳೆಯದು, ಒದೆತವನ್ನು ತಾನೇ ನುಂಗುತ್ತದೆ, ತೊಂದರೆ ಇರುವುದು ಉದ್ದದಲ್ಲಿ ಎಂದಳು. ಸೊಸೆಯ ಮೊಣಕೈ ಮಡಚಿಸಿ, ಭುಜಕ್ಕೆ ಆನಿಸುವ ಮರದ ಹಿಡಿಯ ತುದಿಯನ್ನು ಮೊಣಕೈಯ ಒಳಮಡಿಕೆಗೆ ಇಟ್ಟಳು. ಹಾಗೆ ಇಟ್ಟಾಗ ತೋರುಬೆರಳಿನ ಮೊದಲ ಗೆಣ್ಣು ಕುದುರೆಯನ್ನು ಮುಟ್ಟಬೇಕಂತೆ. ಅವಳ ಬೆರಳು ಬಹಳ ಹಿಂದೆಯೇ ನಿಂತಿತು. ಹಿಡಿಯ ತುದಿಯನ್ನು ಕತ್ತರಿಸಿ ಮೆತ್ತನೆಯ ರಬ್ಬರಿನ ಪಟ್ಟಿ ಕೂರಿಸೋಣ, ತೋಟಾದಲ್ಲೂ ಮೆದುವಾದ ಜಾತಿಯದನ್ನು ಹಾಕೋಣ ಎಂದಳು ಅಕ್ಕ. ಹಿಡಿ ಗಿಡ್ಡವಾದರೆ ನಳಿಗೆ ಮುಂದಕ್ಕೆ ಜಗ್ಗುತ್ತದೆ, ಅದಕ್ಕೆ ಮರದೊಳಗೆ ತೂತು ಕೊರೆದು ಸೀಸ ತುಂಬುತ್ತೇನೆ ಎಂದಾಗ ನಮ್ಮವರ ಮುಖ ಅರಳಿತು.

"ನಾವೂ ಪರದೆ ಅಂಚಿಗೆ ಸೀಸ ಹಾಕ್ತೀವಿ. ಇಲ್ಲದಿದ್ರೆ ಬಟ್ಟೆ ನೇರ ನಿಲ್ಲಲ್ಲ," ಎಂದರು.

ನಳಿಗೆಯ ಕೆಳಗೆ ಒಂದು ಟಾರ್ಚು ಬಿಗಿಯುವುದೆಂದೂ ನಿಶ್ಚಯವಾಯಿತು. ಒಂದು ಕೈಯಲ್ಲಿ ಟಾರ್ಚು ಇನ್ನೊಂದರಲ್ಲಿ ಕೋವಿ ಹಿಡಿದರೆ ಎರಡೂ ಕೆಡುತ್ತವೆ, ಎದುರಿಗಿರುವವನು ಯಾರೆಂದು ಕಾಣದೆ ಯಾರೂ ಬೆರಳು ಅಲ್ಲಾಡಿಸಬಾರದು ಎಂದು ಅಕ್ಕ ಗಟ್ಟಿಯಾಗಿ ಹೇಳಿದಳು. ಮೆಟ್ಟಿಲ ತಲೆಯಲ್ಲಿ ನಿಲ್ಲು, ಹುಡುಕಿಕೊಂಡು ಕೆಳಗೆ ಇಳಿಯಬೇಡ, ಮೊದಲು ಬಾಯಿಂದ ಹೇಳು, ಬೆರಳು ಕೊನೆಯವರೆಗೂ ಕುದುರೆಯ ಹೊರಗೇ ಇರಲಿ.

"ಇನ್ನೊಂದು ಮಾತು. ಅತ್ತೆ ಯಾವತ್ತೂ ನಳಿಗೆ ಮುಂದೆ ಇರಬಾರದು," ಎಂದಳು. "ಎಷ್ಟೇ ಸಿಟ್ಟಿದ್ದರೂ."

ಮರಕ್ಕೆ ಗುರುತು ಹಾಕಲು ಅಕ್ಕ ಪೆನ್ಸಿಲು ತೆಗೆದಳು. ನಮ್ಮವರು ತಡೆದು ಕೊರಳಲ್ಲಿದ್ದ ಟೇಪನ್ನು ಎಳೆದುಕೊಂಡರು. ಜೀವಮಾನವೆಲ್ಲ ತೋಳಿನ ಅಳತೆಯೇ ತೆಗೆದಿದ್ದೇನೆ, ಇದನ್ನು ನನಗೆ ಬಿಡಿ ಎಂದರು. ಮೊಣಕೈಯಿಂದ ಬೆರಳಿನವರೆಗೆ ಟೇಪು ಹಿಡಿದರು, ತಮ್ಮ ಬಟ್ಟೆಯ ಸೀಮೆಸುಣ್ಣದಿಂದ ಮರದ ಮೇಲೆ ಗೆರೆ ಎಳೆದರು. ಅದರ ಹೊರಗೆ, ಎರಡು ಬೆರಳು ಬಿಟ್ಟು, ಇನ್ನೊಂದು ಗೆರೆ ಎಳೆದರು. ಯಾವ ಗೆರೆ ಎಂದು ಅಕ್ಕ ಕೇಳಿದಳು.

"ಹೊರಗಿನದು. ಕತ್ತರಿ ಯಾವತ್ತೂ ಹೊರಗಿನ ಗೆರೆ ಮೇಲೆ," ಎಂದರು.

ಅಷ್ಟು ಖಚಿತವಾಗಿ ಹೇಳಿದವರನ್ನು ಅಕ್ಕ ಮತ್ತೆ ಪ್ರಶ್ನಿಸದೆ ಹೊರಗಿನ ಗೆರೆಯ ಮೇಲೆ ಕತ್ತರಿಸಿದಳು. ಜೀಪಿನವರು ಬೇಗ ಹೊರಡಬೇಕೆಂದು ಅವಸರ ಮಾಡುತ್ತಿದ್ದರು. ರಬ್ಬರು ಪಟ್ಟಿಯ ಅಂಟು ಒಣಗುವವರೆಗೆ ಭುಜಕ್ಕೆ ಆನಿಸಬೇಡಿ ಎಂದು ಹೇಳಿ ಅವಳು ಕೋವಿಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಕೊಟ್ಟಳು. ಹೀಗೆ ಕೋವಿ ಸರಿಯಾಗಿದೆಯೋ ಇಲ್ಲವೋ ಎಂದು ಅಲ್ಲಿ ನೋಡಲೇ ಇಲ್ಲ. ಮನೆಯಲ್ಲಿ ಸೊಸೆ ತೋಟಾ ಇಲ್ಲದೆ ಎತ್ತಿ ನೋಡಿದಳು. ಸ್ವಲ್ಪ ಉದ್ದ ಅನ್ನಿಸುತ್ತದೆ, ರೂಢಿಯಾದರೆ ಸರಿಹೋಗಬಹುದು ಎಂದಳು. ಮೊದಲಿಗಿಂತ ಎಷ್ಟೋ ವಾಸಿಯಾಗಿತ್ತು. ಉಟ್ಟದ್ದು ತೆಳುವಾದ ಬಟ್ಟೆಯಾದ್ದರಿಂದ ಹಿಡಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಆಮೇಲೆ ಚಳಿ ಬಿತ್ತು.

ಮರಳಣ್ಣ ಬಂದದ್ದು ಒಂದು ಬೆಳಿಗ್ಗೆ. ನಮ್ಮವರು ಒಂದು ಕೋಟು ಕೊಟ್ಟುಬರಲು ಹೋಗಿದ್ದರು. ಷಟರಿನ ಕೆಳಗೆ ಒಳ್ಳೆಯ ಬೂಟು ಕಾಣಿಸಿತು, ಮಂಡಿ ಮಡಚಿತು, ಅವನ ಮುಖ ಒಳಗೆ ಬಂತು. ಬಗಲಲ್ಲಿ ಮಡಿಸಿದ ಪ್ಯಾಂಟು ಇತ್ತು.

"ಇದು ಉದ್ದ ಆಗಿದೆ ಅಮ್ಮ. ಸ್ವಲ್ಪ ಕತ್ತರಿಸಿಕೊಡಬೇಕಿತ್ತು," ಎಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತ.

ನನ್ನ ಮಗನನ್ನು ಕೆಡವಿದ ಕೈ ಕತ್ತರಿಸುವ ಮೇಜಿನ ಮೇಲೆ, ನನ್ನ ಕತ್ತರಿಯ ಪಕ್ಕದಲ್ಲಿ ಇತ್ತು. ಉಗುರುಗಳನ್ನು ನೀಟಾಗಿ ಕತ್ತರಿಸಿಕೊಂಡಿದ್ದ. ಈ ಬೀದಿಗೆ ಬರಬಾರದೆಂದು ನಿನಗೆ ಕೋರ್ಟಿನವರು ಹೇಳಿಲ್ಲವೇ ಎಂದು ಕೇಳಿದೆ. ನಾನು ಬಂದದ್ದನ್ನು ಯಾರು ನೋಡಿದರು ಎಂದು ಅವನು ಟೀ ಅಂಗಡಿಯ ಕಡೆ ಕತ್ತು ತಿರುಗಿಸಿ ನಕ್ಕ. ಆಮೇಲೆ ಸೊಸೆಯ ಆರೋಗ್ಯ ವಿಚಾರಿಸಿದ. ಅವಳ ದೃಷ್ಟಿ ಹೇಗಿದೆ, ಕನ್ನಡಕ ಬೇಕಾಗಿಲ್ಲವೇ, ಅಷ್ಟು ದೂರದಿಂದ ಯಾರ ಮುಖ ಯಾರದೆಂದು ಹೇಳುವುದು ಕಷ್ಟವಲ್ಲವೇ. ದನಿಯಲ್ಲಿ ಒರಟು ಇರಲಿಲ್ಲ. ನೆಂಟನೊಬ್ಬ ಮಾತಾಡಿದ ಹಾಗೆ ಮಾತಾಡಿದ.

ಮೆಟ್ಟಿಲು ಕಿರುಗುಟ್ಟಿತು. ಅವಳು ಮೇಲೆ ನಿಂತಿದ್ದಳು, ನಾನು ಹೆಣೆದುಕೊಟ್ಟ ದಪ್ಪ ಸ್ವೆಟರು ತೊಟ್ಟು, ಕೋವಿ ಹಿಡಿದುಕೊಂಡು. ಎತ್ತಿದಳು. ಹಿಡಿಯ ತುದಿ ಕಂಕುಳಿನ ಹತ್ತಿರ ಸ್ವೆಟರಿಗೆ ಸಿಕ್ಕಿಕೊಂಡಿತು. ಮತ್ತೆ ಕೆಳಗಿಳಿಸಿ ಎತ್ತಿದಳು, ಮತ್ತೆ ಸಿಕ್ಕಿತು, ನಳಿಗೆ ಮೆಟ್ಟಿಲ ಕಟಕಟೆಗೆ ಬಡಿದು ಸದ್ದಾಯಿತು. ಆ ನಳಿಗೆಗೂ ಅವನಿಗೂ ನಡುವೆ ನಾನಿದ್ದೆ. ಆಚೆ ಸರಿಯಬೇಕೆಂದು ಗೊತ್ತಿತ್ತು, ಒಂದು ಕಡೆ ಮೇಜು, ಒಂದು ಕಡೆ ಯಂತ್ರ, ಮುಂದೆ ಅವನು. ಸರಿಯುವುದಕ್ಕೆ ಜಾಗವಿರಲಿಲ್ಲ.

ಮರಳಣ್ಣ ಅವಳು ಒದ್ದಾಡುವುದನ್ನು ಸಾವಕಾಶವಾಗಿ ನೋಡಿದ.

"ಗುಬ್ಬಿ ಮೇಲೆ ಕಂಬ ಹೊರಿಸಿದ್ದೀರಲ್ಲ ಅಮ್ಮ," ಎಂದು ಪ್ಯಾಂಟನ್ನು ಮೇಜಿನ ಮೇಲೆ ಬಿಟ್ಟು ಎದ್ದ. "ಸೋಮವಾರ ಬರ್ತೀನಿ. ಅಷ್ಟರಲ್ಲಿ ಅವಳೂ ಯೋಚನೆ ಮಾಡಿರ್ತಾಳೆ."

ಮಂಗಳವಾರ ಅವಳು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾದ ದಿನ. ಅವನು ಹೋದ ಮೇಲೆ ಪೊಲೀಸರು ಬಂದರು, ಟೀ ಅಂಗಡಿಯಲ್ಲಿ ಕೇಳಿದರು. ಅಲ್ಲಿ ಯಾರೂ ಯಾರನ್ನೂ ನೋಡಿರಲಿಲ್ಲ.

ನಮ್ಮವರು ಬಂದಾಗ ಸೊಸೆ ಮೆಟ್ಟಿಲ ಮೇಲೆಯೇ ಕೂತಿದ್ದಳು. ನಾನು ನಡೆದದ್ದನ್ನು ಹೇಳಿದೆ. ಅವರು ಕೋವಿಯನ್ನು ಮೇಜಿನ ಮೇಲೆ ಮಲಗಿಸಿ ಟೇಪು ಹಿಡಿದರು. ಒಳಗಿನ ಗೆರೆ, ಅಂದರೆ ಹೊಲಿಗೆಯ ಗೆರೆ, ಇನ್ನೂ ಮರದ ಮೇಲೆ ಬೆಳ್ಳಗೆ ಇತ್ತು, ಅದರಾಚೆಗೆ ಎರಡು ಬೆರಳಿನಷ್ಟು ಮರ, ಅದರಾಚೆಗೆ ರಬ್ಬರಿನ ದಪ್ಪ. ಆ ಎರಡು ಬೆರಳಿನ ಮರದ ಮೇಲೆ ಹೆಬ್ಬೆರಳು ಆಡಿಸಿದರು.

"ಒಳಗೆ ಬಟ್ಟೆ ಬಿಟ್ಟಿದ್ದೀನಿ," ಎಂದರು ಕೊನೆಗೆ.

ದರ್ಜಿಯ ಮನೆಗೆ ಬಂದು ಇಷ್ಟು ವರ್ಷವಾದ ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಗಿಯ ಅಳತೆ ಎಲ್ಲಿಗೆ ನಿಲ್ಲುತ್ತದೋ ಅದರಾಚೆ ಒಂದಿಷ್ಟು ಬಟ್ಟೆಯನ್ನು ಒಳಕ್ಕೆ ಮಡಿಸಿ ಬಿಡುತ್ತಾರೆ. ಮುಂದೆ ಮೈ ಬಂದರೆ ಬಿಚ್ಚಿ ದೊಡ್ಡದು ಮಾಡಬಹುದು. ಮರವನ್ನು ಒಳಕ್ಕೆ ಮಡಿಸಲು ಬರುವುದಿಲ್ಲ. ಕೈ ತನ್ನ ರೂಢಿಯಂತೆ ಎರಡು ಗೆರೆ ಎಳೆದಿತ್ತು, ಬಾಯಿ ತನ್ನ ರೂಢಿಯಂತೆ ಹೊರಗಿನದನ್ನು ಹೇಳಿತ್ತು.

ನಾಳೆಯೇ ಅಕ್ಕನ ಹತ್ತಿರ ಕಳಿಸೋಣ ಎಂದೆ. ಈಗಲೇ ಕತ್ತರಿಸಿದರೂ ಆದೀತು, ಗರಗಸ ಇದೆ ಎಂದರು, ಆದರೆ ಏಳಲಿಲ್ಲ. ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದರು. ಒಮ್ಮೆ ಕತ್ತರಿಸಿದರೆ ಮತ್ತೆ ಸೇರಿಸಲು ಬರುವುದಿಲ್ಲ, ಇರಲಿ, ಸ್ವೆಟರು ಬಿಟ್ಟು ಬೇರೆ ಏನಾದರೂ ತೊಡಲಿ ಎಂದು ಏನೇನೋ ಹೇಳಿದರು. ಅವರ ಮಾತಿನಲ್ಲಿ ತಿರುಳು ಇಲ್ಲವೆಂದು ಅವರಿಗೇ ತಿಳಿದಿತ್ತು.

ಸೊಸೆ ಇಳಿದು ಬಂದು ಮೇಜಿನ ಆಚೆ ನಿಂತಳು.

"ಮಾವ, ಅವರು ಇನ್ನು ಬರಲ್ಲ," ಎಂದಳು. "ಅವರ ತೋಳಿಗೆ ಬಿಟ್ಟಿರೋ ಮರ ಅದು. ನನ್ನ ಅಳತೆಗೆ ಕತ್ತರಿಸಿ."

ಈ ಮನೆಯಲ್ಲಿ ಆ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ನಾವು ಅವನ ಅಂಗಿಗಳನ್ನು ಇಸ್ತ್ರಿ ಮಾಡಿಯೇ ಇಡುತ್ತಿದ್ದೆವು. ನಮ್ಮವರು ತಲೆಬಗ್ಗಿಸಿ ಅತ್ತರು. ಗಂಡಸು ಅಳುವುದನ್ನು ನಾನು ನೋಡಿಲ್ಲವೆಂದಲ್ಲ, ಆದರೆ ಅವರು ಅಳುತ್ತಲೇ ರಬ್ಬರನ್ನು ಬಿಡಿಸಿದರು. ಅವಳಿಗೆ ಸ್ವೆಟರು ತೊಡಿಸಿಯೇ ಅಳತೆ ತೆಗೆದರು, ರಬ್ಬರಿನ ದಪ್ಪವನ್ನು ಕಳೆದರು, ಒಂದೇ ಗೆರೆ ಎಳೆದರು. ಕೈ ನಡುಗುತ್ತದೆಂದು ಗರಗಸವನ್ನು ಅವಳ ಕೈಗೆ ಕೊಟ್ಟರು. ನಾನು ಮರವನ್ನು ಅದುಮಿ ಹಿಡಿದೆ. ಹುಡಿ ನನ್ನ ಬೆರಳುಗಳ ಮೇಲೆ ಬೆಚ್ಚಗೆ ಬಿತ್ತು. ಕತ್ತರಿಸಿ ಬಿದ್ದ ತುಂಡನ್ನು ನಮ್ಮವರು ಜೇಬಿಗೆ ಹಾಕಿಕೊಂಡದ್ದನ್ನು ನೋಡಿಯೂ ನೋಡದ ಹಾಗಿದ್ದೆ.

ರಬ್ಬರನ್ನು ಮತ್ತೆ ಅಂಟಿಸಿದ ಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ಅಕ್ಕನಿಗೂ ಅದು ಹೊಳೆದಿರಲಿಲ್ಲ. ಸ್ವೆಟರಿನ ಬಲಭುಜಕ್ಕೆ ಕೋಟಿನ ಒಳಪದರದ ನುಣುಪು ಬಟ್ಟೆಯನ್ನು ಅಗಲವಾಗಿ ಕತ್ತರಿಸಿ ಹೊಲಿದರು. ಹಿಡಿ ಎಲ್ಲೂ ಸಿಕ್ಕದೆ ಜಾರಿಕೊಂಡು ಹೋಗಿ ಭುಜದ ಗುಳಿಯಲ್ಲಿ ಕೂತಿತು. ಮೆಟ್ಟಿಲ ತಲೆಯಲ್ಲಿ ನಿಂತು ಅವಳು ತೋಟಾ ಇಲ್ಲದ ಕೋವಿಯನ್ನು ಎತ್ತಿದಳು, ಇಳಿಸಿದಳು, ಕಣ್ಣು ಮುಚ್ಚಿಕೊಂಡು ಎತ್ತಿದಳು. ಕಣ್ಣು ತೆರೆದಾಗ ನಳಿಗೆ ಷಟರಿನ ಕಡೆಗೇ ಇರುತ್ತಿತ್ತು. ದಿನವಿಡೀ ಅದೇ. ನಾನು ಅಡಿಗೆಮನೆಯಲ್ಲಿ ಆ ಸದ್ದನ್ನೇ ಕೇಳುತ್ತಾ ಇದ್ದೆ. ಬಟ್ಟೆ ಸರಿಯುವುದು, ಮರ ಕೂರುವುದು, ಉಸಿರು ಬಿಡುವುದು. ಹೊರಗೆ ಲೋಟ ತೊಳೆಯುವ ಸದ್ದು.

ಸೋಮವಾರ ಕರೆಂಟು ಇರಲಿಲ್ಲ. ಒಳಗಿನಿಂದ ಬೀಗ ಹಾಕಲು ಬಾರದ ಷಟರನ್ನು ನೆಲದವರೆಗೂ ಇಳಿಸಿದ್ದರಿಂದ ಹಗಲಿನಲ್ಲೇ ಅಂಗಡಿ ಕತ್ತಲೆಯಾಗಿತ್ತು. ಆ ದಿನ ನಾವು ಮೂವರೂ ಮೇಲೆಯೇ ಇದ್ದೆವು. ನಾನು ಅವಳ ಬೆನ್ನ ಹಿಂದೆ ಫೋನು ಹಿಡಿದು ಕೂತಿದ್ದೆ, ನಮ್ಮವರು ನನ್ನ ಹಿಂದೆ. ಮಧ್ಯಾಹ್ನದ ಹೊತ್ತಿಗೆ ಷಟರು ಗರಗರ ಎಂದು ಮೇಲೆದ್ದಿತು. ನಾನು ಇನ್ಸ್‌ಪೆಕ್ಟರಮ್ಮನ ನಂಬರು ಒತ್ತಿದೆ. ಅವಳು ಆ ಕಡೆಯಿಂದ ಎತ್ತಿ, ಹಾಗೇ ಹಿಡಿದಿರಿ, ಬರುತ್ತಿದ್ದೇವೆ ಎಂದಳು.

ಮರಳಣ್ಣ ಒಳಗೆ ಬಂದು ನೆಟ್ಟಗೆ ನಿಲ್ಲುವಷ್ಟರಲ್ಲಿ ಟಾರ್ಚಿನ ಬೆಳಕು ಅವನ ಮುಖದ ಮೇಲೆ ಬಿತ್ತು. ಅವನು ಕೈ ಅಡ್ಡ ಹಿಡಿದ.

"ಅಲ್ಲೇ ನಿಲ್ಲಿ," ಎಂದಳು ಸೊಸೆ. "ಪೊಲೀಸರು ಫೋನಲ್ಲಿದ್ದಾರೆ. ನಿಮ್ಮ ಪ್ಯಾಂಟು ಸ್ಟೂಲ್ ಮೇಲಿದೆ. ತಗೊಂಡು ಹೋಗಿ."

ಆ ಪ್ಯಾಂಟಿಗೆ ನಮ್ಮವರು ಕತ್ತರಿ ಮುಟ್ಟಿಸಿರಲಿಲ್ಲ. ಅಂಗಡಿಗೆ ಬಂದ ಬಟ್ಟೆ ಹಾಗೇ ಹಿಂದಕ್ಕೆ ಹೋದದ್ದು ಅದೊಂದೇ.

ಅವನು ಹೋಗಲಿಲ್ಲ. ಕೈಯ ಕೆಳಗಿಂದ ಮೇಲೆ ನೋಡಲು ಪ್ರಯತ್ನಿಸಿದ. ಬೆಳಕಿನ ಹಿಂದೆ ಅವನಿಗೆ ಏನೂ ಕಾಣುತ್ತಿರಲಿಲ್ಲ, ನಮಗೆ ಅವನ ಅಂಗಿಯ ಗುಂಡಿಗಳೂ ಕಾಣುತ್ತಿದ್ದವು. ಒಂದು ಮೆಟ್ಟಿಲಿಗೆ ಬೂಟು ಇಟ್ಟ.

"ಹೊಡೀತೀಯೇನೇ?"

ನಾನು ಅವಳ ಬಲಗೈಯನ್ನೇ ನೋಡುತ್ತಿದ್ದೆ. ತೋರುಬೆರಳು ಕುದುರೆಯ ಹೊರಗೆ, ಮರದ ಪಕ್ಕದಲ್ಲಿ, ನೆಟ್ಟಗೆ ಮಲಗಿತ್ತು. ನನ್ನ ಕೈಯಳತೆಯಲ್ಲಿ ಅವಳ ಭುಜವಿತ್ತು. ತಡೆಯಬಹುದಾಗಿತ್ತು, ತಡೆಯಲಿಲ್ಲ. ಹೊಡಿ ಎನ್ನಲೂ ಆಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ. ದೇವರೇ, ಈ ಬೆರಳನ್ನು ನೀನೇ ಹಿಡಿದುಕೋ ಎಂದೆ. ಅಷ್ಟು ಚಿಕ್ಕ ಪ್ರಾರ್ಥನೆಯನ್ನು ಅಷ್ಟು ಮನಸ್ಸಿಟ್ಟು ನಾನು ಎಂದೂ ಮಾಡಿಲ್ಲ.

ಬೂಟು ಹಿಂದಕ್ಕೆ ಹೋಯಿತು. ಪ್ಯಾಂಟನ್ನು ಎತ್ತಿಕೊಂಡು, ಬಗ್ಗಿ, ಅವನು ಬೆಳಕಿಗೆ ಹೋದ. ಬೀದಿಯ ತಿರುವಿನಲ್ಲಿ ಪ್ಯಾಂಟು ಬಗಲಲ್ಲಿರುವಾಗಲೇ ಜೀಪಿನವರು ಹಿಡಿದರೆಂದು ಆಮೇಲೆ ಕೇಳಿದೆವು.

"ಕೋವಿ ಇಳಿಸು ಮಗಳೇ," ಎಂದೆ.

"ಇಳಿಸೋಕೆ ಬರ್ತಾ ಇಲ್ಲ ಅತ್ತೆ. ಕೈ ಬಿಡ್ತಾ ಇಲ್ಲ," ಎಂದಳು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

ಮರುದಿನ ಕೋರ್ಟಿನಲ್ಲಿ ಅಣ್ಣತಮ್ಮಂದಿರ ವಕೀಲರು ಅವಳನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದರು. ನಡುವೆ ಲಾರಿ ನಿಂತಿತ್ತು ಎಂದು ನೀವೇ ಹೇಳುತ್ತೀರಿ, ನಿಮ್ಮ ಎತ್ತರಕ್ಕೆ ಲಾರಿಯಾಚೆ ನಡೆದದ್ದು ಹೇಗೆ ಕಂಡಿತು ಎಂದು ಕೇಳಿದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

"ಮೇಲಿಂದ ನೋಡಿಲ್ಲ. ಕೆಳಗಿಂದ ನೋಡಿದೆ," ಎಂದಳು. "ಲಾರಿ ಎತ್ತರ ಇತ್ತು. ನಾನು ಸ್ವಲ್ಪ ಬಗ್ಗಿದರೆ ಸಾಕಾಗಿತ್ತು. ಬಗ್ಗಿ ಹೊಡೀತಿದ್ದ ಈ ಇಬ್ಬರ ಮುಖವೂ ಚಕ್ರದ ನಡುವೆ ಕಾಣ್ತು. ಇವರು ಆಮೇಲೂ ಎರಡು ಸಲ ಹೊಡೆದರು. ನನ್ನ ಗಂಡ ನೆಲದ ಮೇಲೆ ನನ್ನ ಕಡೆಗೇ ತಿರುಗಿ ಬಿದ್ದಿದ್ದರು. ಕಣ್ಣು ತೆರೆದಿತ್ತು. ನನ್ನನ್ನ ನೋಡಿ ಕೈ ಅಲ್ಲಾಡಿಸಿದರು, ಹೋಗು ಅಂತ. ನಾನು ಹೋದೆ."

ಇದನ್ನು ಅವಳು ನನಗೂ ಹೇಳಿರಲಿಲ್ಲ. ಇಷ್ಟು ಕಾಲ ಒಂದೇ ಮುಚ್ಚಿದ ಮನೆಯಲ್ಲಿ, ಒಂದೇ ಮುಗ್ಗಲು ಗಾಳಿ ಉಸಿರಾಡಿಕೊಂಡು ಇದ್ದವರು ನಾವು. ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ. ನಮ್ಮವರು ನನ್ನ ಕೈಯನ್ನು ಹಿಡಿದುಕೊಂಡರು. ವಕೀಲರು ಕಾಗದಗಳನ್ನು ಸರಿಮಾಡಿಕೊಂಡು ಕೂತುಬಿಟ್ಟರು.

ತೀರ್ಪು ಇನ್ನೂ ಬಂದಿಲ್ಲ. ಅಣ್ಣತಮ್ಮಂದಿರ ಜಾಮೀನು ಹೋಯಿತು, ಇಬ್ಬರೂ ಒಳಗಿದ್ದಾರೆ. ಟೀ ಅಂಗಡಿಯ ಮುಂದೆ ಈಗ ಬೇರೆ ಇಬ್ಬರು ನಿಲ್ಲುತ್ತಾರೆ. ಒಬ್ಬ ಇನ್ನೂ ಹುಡುಗುತನದವನು, ಮೊನ್ನೆ ನನ್ನ ಕಣ್ಣಿಗೆ ಕಣ್ಣು ಕೂಡಿದಾಗ ಅವನೇ ಮುಖ ತಿರುಗಿಸಿದ. ಕಿಟಕಿಯ ಕಂಬಳಿಯನ್ನು ನಾವು ತೆಗೆದಿಲ್ಲ. ಸೊಸೆ ಬೆಳಿಗ್ಗೆ ಎದ್ದು ಕೋವಿಯನ್ನು ಒಮ್ಮೆ ಭುಜಕ್ಕೆ ಇಟ್ಟು ನೋಡಿ, ಬೀಗದೊಳಗೆ ಇಟ್ಟು, ಯಂತ್ರದ ಮುಂದೆ ಕೂರುತ್ತಾಳೆ. ನಾನು ದೀಪ ಹಚ್ಚುತ್ತೇನೆ. ಷಟರಿನ ಕೆಳಗೆ ಕಾಲುಗಳು ಓಡಾಡುತ್ತವೆ, ಓಡಾಡಲಿ ಎಂದು ಕಣ್ಣು ಮುಚ್ಚುತ್ತೇನೆ.

ದೇವರೇ, ಧೂಳಿನಲ್ಲಿ ಬಿದ್ದಿದ್ದಾಗಲೂ ನನ್ನ ಮಗ ಹೆಂಡತಿಯನ್ನು ಉಳಿಸಬೇಕೆಂದು ಕೈ ಎತ್ತಿದ. ಅವಳು ಉಳಿದಿದ್ದಾಳೆ, ಅವನಿಗೆ ಅದನ್ನು ತಿಳಿಸು. ನಾವು ಇನ್ನೂ ಈ ಬಾಗಿಲಿನೊಳಗೇ ಇದ್ದೇವೆ, ನಮ್ಮ ಪಾಡನ್ನು ನಾವು ನೋಡಿಕೊಳ್ಳುತ್ತೇವೆ. ಅವನು ಇತ್ತ ತಿರುಗಿ ನೋಡುತ್ತಾ ನಿಲ್ಲದಿರಲಿ. ಅವನ ಪೆಟ್ಟಿನ ನೋವನ್ನು ತೆಗೆದುಬಿಡು. ನಿನ್ನ ಹತ್ತಿರ ಗೋಡೆಯಿಲ್ಲದ, ಬಯಲಾದ ಒಂದು ಜಾಗ ಕೊಟ್ಟು, ನನ್ನ ಮಗನನ್ನು ಶಾಂತಿಯಿಂದ ಮಲಗಿಸು.